ಏಳನೇ ನಂಬರಿನ ಪುಸ್ತಕ

ಮಕ್ಕಳ ಪುಸ್ತಕವೊಂದು "ಮುದ್ದು ಮಕ್ಕಳೇ" ಎಂದು ಶುರುವಾದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕತೆ ಪುಸ್ತಕ, ಪದ್ಯದ ಪುಸ್ತಕದ ಮಾತಲ್ಲ ಇದು. ಹಕ್ಕಿ, ಹುಳ, ರೈಲು, ರಕ್ತ, ಜ್ವಾಲಾಮುಖಿ ಎಂದು, ಇದ್ದದ್ದನ್ನು ಇದ್ದ ಹಾಗೆ ತಿಳಿಸಲು ಹೊರಟ ಪುಸ್ತಕಗಳ ಮಾತು. ಜ್ವಾಲಾಮುಖಿ ಹೇಗೆ ಉಕ್ಕುತ್ತದೆ ಎಂದು ತಿಳಿಯಲು ಬಂದ ಹದಿಮೂರು ವರ್ಷದ ಹುಡುಗಿಯ ಗಲ್ಲ ಹಿಂಡಿ ಮುದ್ದು ಅಂದರೆ ಅವಳು ಪುಸ್ತಕ ಮುಚ್ಚಿಟ್ಟು ಎದ್ದು ಹೋಗುತ್ತಾಳೆ. ಹೋಗಲೇಬೇಕು.

ಇಷ್ಟು ಮೂಗಿನ ತುದಿಯ ಸಿಟ್ಟಿನವಳನ್ನು ಪುಸ್ತಕ ಆರಿಸುವ ಕೆಲಸಕ್ಕೆ ಕೂಡಿಸಿದ್ದು ಯಾರ ತಪ್ಪೋ ಗೊತ್ತಿಲ್ಲ. ನಾನು ಹಳಿಯಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳ ಶಾಲೆಯ ಕಪಾಟುಗಳಿಗೆ ಒಳ್ಳೆಯ ಮಾಹಿತಿ ಪುಸ್ತಕ ಆರಿಸಿಕೊಡಲೆಂದು ನಾವು ಮೂವರು ಸೇರಿ ಸಣ್ಣದೊಂದು ಮಂಡಳಿ ಮಾಡಿಕೊಂಡಿದ್ದೇವೆ. ಪ್ರಕಾಶಕರು ಪುಸ್ತಕ ಕಳಿಸುತ್ತಾರೆ. ನಾವು ಓದುತ್ತೇವೆ, ಜಗಳಾಡುತ್ತೇವೆ, ವರ್ಷಕ್ಕೊಂದು ಪಟ್ಟಿ ಮಾಡುತ್ತೇವೆ. ಆ ಪಟ್ಟಿ ನೋಡಿ ಶಾಲೆಯವರು ಪುಸ್ತಕ ತರಿಸುತ್ತಾರೆ.

ಮೂವರಲ್ಲಿ ಒಬ್ಬರು ದಾಂಡೇಲಿಯವರು. ಕಾಗದದ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಓಣಿಯ ಮಕ್ಕಳಿಗಾಗಿ ವಾಚನಾಲಯ ನಡೆಸುತ್ತಾರೆ. ಮಕ್ಕಳು ಚಾಚಾ ಅನ್ನುತ್ತವೆ, ಹಾಗಾಗಿ ನಮಗೂ ಚಾಚಾ. ಅವರ ಪರೀಕ್ಷೆ ಸರಳ. ಪುಸ್ತಕದ ನಡುವಿನ ಒಂದೇ ಹಾಳೆ ಹಿಡಿದು ಮೇಲೆತ್ತಿ ಎರಡು ಸಲ ಜಾಡಿಸುತ್ತಾರೆ. ಹಾಳೆ ಕೈಯಲ್ಲಿ ಉಳಿದು ಪುಸ್ತಕ ನೆಲಕ್ಕೆ ಬಿದ್ದರೆ, "ನಟ್ಟು ಬೋಲ್ಟು ಸರಿ ಇಲ್ರೀ ಬಾಯಾರ, ಎಂಟು ದಿನಾ ಬಾಳೂದಿಲ್ಲ" ಎಂದು ನನಗೆ ಹೇಳಿ ಬದಿಗಿಡುತ್ತಾರೆ. ಒಮ್ಮೆ ಒಬ್ಬ ಪ್ರಕಾಶಕರ ಕಣ್ಣೆದುರೇ ಹೀಗೆ ಜಾಡಿಸಿದರು. ಆ ಪುಣ್ಯಾತ್ಮ ಆಮೇಲೆ ಪುಸ್ತಕ ಕಳಿಸಿಲ್ಲ.

ಇನ್ನೊಬ್ಬರು ಮುಂಡಗೋಡ ತಾಲೂಕಿನ ಪಾಳಾದ ಮಾಸ್ತರು. ನಲವತ್ತು ವರ್ಷ ಕಲಿಸಿ ಹೆಡ್ ಮಾಸ್ತರಾಗಿ ನಿವೃತ್ತರಾದವರು, ಈಗ ಗದ್ದೆ ನೋಡಿಕೊಂಡಿದ್ದಾರೆ. ಹಣೆಯ ವಿಭೂತಿ ಒಣಗುವ ಮುಂಚೆ ಪುಸ್ತಕ ಹಿಡಿಯುತ್ತಾರೆ ಎಂದು ಅವರ ಮನೆಯವರೇ ದೂರುತ್ತಾರೆ. ಒಳ್ಳೆಯ ಜೀವ. ಆದರೆ ಅವರಿಗೆ ಪ್ರತಿ ಪುಸ್ತಕದ ಕೊನೆಯಲ್ಲಿ ನೀತಿ ಬೇಕು. ಭೂಕಂಪದ ಪುಸ್ತಕವೊಂದಕ್ಕೆ ಅವರು ಆರು ಅಂಕ ಕಡಿದದ್ದು, "ಭೂಮಿ ನಡುಗಿದ್ದು ಬರ್ದಾರ, ಮನುಷ್ಯಾ ಹೆಂಗ ನಡೀಬೇಕು ಅನ್ನೂದು ಬರ್ದಿಲ್ಲ" ಎಂಬ ಕಾರಣಕ್ಕೆ. ಅಚ್ಚಾದದ್ದೆಲ್ಲ ಸತ್ಯ ಎಂಬುದು ಅವರ ಇನ್ನೊಂದು ನಂಬಿಕೆ. ಪಂಚಾಂಗದಿಂದ ಹಿಡಿದು ಕಿರಾಣಿ ಪೊಟ್ಟಣದ ಕಾಗದದವರೆಗೆ ಅದರಲ್ಲಿ ಭೇದವಿಲ್ಲ.

ನನ್ನ ಪರೀಕ್ಷೆ ಬೇರೆ. ನಾನು ಪುಸ್ತಕವನ್ನು ಹಿಂದಿನಿಂದ ತೆಗೆಯುತ್ತೇನೆ. ಬರೆದವರು ಇದನ್ನೆಲ್ಲ ಎಲ್ಲಿ ತಿಳಿದರು, ಯಾರನ್ನು ಕೇಳಿದರು ಎಂದು ಕೊನೆಯಲ್ಲಿ ಹೇಳಿದ್ದರೆ ಅರ್ಧ ಸಮಾಧಾನ. ಆಮೇಲೆ ನನಗೆ ಚೆನ್ನಾಗಿ ಗೊತ್ತಿರುವ ಸಂಗತಿಯ ಪುಟ ಹುಡುಕಿ ಅದನ್ನೇ ಮೊದಲು ಓದುತ್ತೇನೆ. ಬೆಳೆಗಳ ಪುಸ್ತಕವೊಂದರಲ್ಲಿ ರೈತನೊಬ್ಬ ಮುಷ್ಟಿ ತುಂಬ ಕಾಳು ತೂರಿ ಕಬ್ಬು ಬಿತ್ತುತ್ತಿದ್ದ. ಹಳಿಯಾಳದಲ್ಲಿ ಕಬ್ಬಿನ ಗದ್ದೆಗಳ ನಡುವೆ ಬೆಳೆದವಳ ಕೈಗೆ ಆ ಪುಸ್ತಕ ಸಿಕ್ಕಿದ್ದು ಅದರ ಹಣೆಬರಹ. ಕಬ್ಬಿನ ಗಣ್ಣಿನ ತುಂಡು ಊರುವುದನ್ನೇ ನೋಡದವನು ಕಾಫಿಯ ಬಗ್ಗೆ ಬರೆದದ್ದನ್ನು ನಾನು ಯಾಕೆ ನಂಬಲಿ? ತಿರಸ್ಕಾರದ ಪತ್ರವನ್ನು ನಾನೇ ಬರೆದೆ, ಸ್ವಲ್ಪ ರುಚಿಯಾಗಿಯೇ ಬರೆದೆ.

ನಮ್ಮಲ್ಲಿ ಎರಡು ಕಟ್ಟುನಿಟ್ಟಾದ ಕಟ್ಟಳೆಗಳಿವೆ, ಎರಡನ್ನೂ ಮಾಡಿದವಳು ನಾನು. ಬಂದ ಪುಸ್ತಕಗಳಿಗೆಲ್ಲ ಚಾಚಾನ ಓಣಿಯ ಮಕ್ಕಳು ಹಳೆಯ ಪೇಪರಿನ ರಟ್ಟು ಹಾಕಿ, ಒಳಗೆ ಹೆಸರಿದ್ದ ಕಡೆ ಚೀಟಿ ಅಂಟಿಸಿ, ಮೇಲೆ ನಂಬರು ಬರೆಯಬೇಕು. ಜೂನ್ ತಿಂಗಳಲ್ಲಿ ಮಕ್ಕಳು ಪಠ್ಯಪುಸ್ತಕಕ್ಕೆ ಹಾಕುತ್ತವಲ್ಲ, ಹಾಗೆ. ಯಾರು ಬರೆದದ್ದು, ಯಾರು ಅಚ್ಚು ಮಾಡಿದ್ದು ಎಂದು ಓದುವವರಿಗೆ ತಿಳಿಯಬಾರದು. ಎರಡನೆಯದು, ರಟ್ಟು ಹಾಕಿದರೂ ಇದು ನನ್ನದು ಅಥವಾ ನನ್ನ ನೆಂಟರದು ಎಂದು ಗುರುತು ಸಿಕ್ಕರೆ ಅಲ್ಲೇ ಹೇಳಿ, ಎದ್ದು ಹೊರಗೆ ಹೋಗಿ ಚಹಾ ಕುಡಿಯುತ್ತ ಕೂಡಬೇಕು. ಮೊದಲ ವರ್ಷ ಮಾಸ್ತರು ತಮ್ಮ ಬೀಗರೊಬ್ಬರ ಪುಸ್ತಕಕ್ಕೆ ಹತ್ತಕ್ಕೆ ಹನ್ನೊಂದು ಹಾಕಿದ್ದರು. ಹನ್ನೊಂದು ಯಾಕೆಂದು ಕೇಳಿದರೆ, "ಒಂದು ಸೌಜನ್ಯಕ್ಕ" ಎಂದಿದ್ದರು. ಈ ಕಟ್ಟಳೆ ಅವರಿಗಾಗಿ ನಾನು ತೋಡಿದ ಗುಂಡಿ.

ದೊಡ್ಡವರ ಅಂಕ ಅರ್ಧ ಮಾತ್ರ. ಉಳಿದರ್ಧ ಮಕ್ಕಳದ್ದು. ನಾಲ್ಕು ತಾಲೂಕಿನಿಂದ ಓದುವ ಹುಚ್ಚಿನ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿ, ಒಂದೊಂದು ಪುಸ್ತಕದ ಜೊತೆ ಒಂದೊಂದು ಪೆನ್ಸಿಲ್ ಕೊಟ್ಟು ಹದಿನೈದು ದಿನ ಬಿಡುತ್ತೇವೆ. ಹೊಸದೊಂದು ತಿಳಿದರೆ ಅಂಚಿನಲ್ಲಿ ಸರಿ ಗುರುತು, ಬೇಸರವಾದರೆ ಸೊನ್ನೆ, ನಂಬಿಕೆ ಬರದಿದ್ದರೆ ಉದ್ದ ಗೆರೆ. ಪೆನ್ಸಿಲ್ ಯಾಕೆಂದರೆ ಗುರುತು ಅಳಿಸಿ ಅದೇ ಪ್ರತಿಯನ್ನು ಚಾಚಾನ ವಾಚನಾಲಯಕ್ಕೆ ಕೊಡಬಹುದು. ಹದಿನೈದು ದಿನದ ಮೇಲೆ ಒಂದು ಭಾನುವಾರ ಎಲ್ಲರೂ ದಾಂಡೇಲಿಯ ಶಾಲೆಯೊಂದರಲ್ಲಿ ಸೇರುತ್ತೇವೆ. ಒಂದೊಂದೇ ಮಗು ಎದ್ದು ತನ್ನ ಪುಸ್ತಕದ ಮೊದಲ ಸಾಲು ಓದಿ, ಗುರುತು ಹಾಕಿದ ಕಡೆಗಳನ್ನು ಹೇಳಬೇಕು. ನಡುವೆ ತಿನ್ನಲು ಗಿರಮಿಟ್ಟು, ಮಿರ್ಚಿ ಇರುತ್ತದೆ. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಿದವರಿಗೆ ಚಾಚಾನ ಬೈಗುಳ ಇರುತ್ತದೆ.

ಕಳೆದ ವರ್ಷದ ಭಾನುವಾರ ಮಧ್ಯಾಹ್ನ ಚಾಚಾ "ಏಳನೇ ನಂಬರ್" ಎಂದು ಕೂಗಿದಾಗ ಎದ್ದದ್ದು ಗಣೇಶಗುಡಿಯ ಒಬ್ಬ ಹುಡುಗಿ. ಎಂಟನೇ ತರಗತಿ. ಅಪ್ಪ ಅರಣ್ಯ ಇಲಾಖೆಯಲ್ಲಿ ಗಾರ್ಡ್, ಅವ್ವ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತಾಳೆ. ಎದ್ದು, ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಓದಿದಳು.

"ಮುದ್ದು ಮಕ್ಕಳೇ, ಬನ್ನಿ, ನನ್ನ ಕೈ ಹಿಡಿದುಕೊಳ್ಳಿ, ದಾಂಡೇಲಿಯ ಕಾಡಿನಲ್ಲಿ ಒಂದು ಸುತ್ತು ಹೋಗಿ ಬರೋಣ."

ಪಿತ್ತ ಎಂದಿನಂತೆ ನೆತ್ತಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಆ ಸಾಲು ನನ್ನದು.

ಇಪ್ಪತ್ತು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಕೂತು ನಾನು ಆ ಪುಸ್ತಕ ಬರೆದಿದ್ದೆ. ಶಾಲೆಯಲ್ಲಿದ್ದವರು ಪುಸ್ತಕ ಬರೆಯಬೇಕೆಂದರೆ ಮೇಲಿನವರ ಒಪ್ಪಿಗೆ, ಹತ್ತು ಪ್ರಶ್ನೆ. ಹಾಗಾಗಿ ಒಂದು ಹೂವಿನ ಹೆಸರಿಟ್ಟುಕೊಂಡು ಬರೆದೆ. ನನ್ನ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕ ಬಂತು, ಹೋಯಿತು. ಎರಡು ವರ್ಷದ ಹಿಂದೆ ಬೇರೊಬ್ಬ ಪ್ರಕಾಶಕರು ಬಣ್ಣದ ಚಿತ್ರ ಹಾಕಿ ಮತ್ತೆ ತರುತ್ತೇವೆ ಎಂದಾಗ ಹೂಂ ಅಂದು ಮರೆತಿದ್ದೆ. ಅದನ್ನು ಅವರು ನಮ್ಮ ಮಂಡಳಿಗೇ ಕಳಿಸುತ್ತಾರೆಂದು, ಓದಲು ಹಂಚಿಕೊಂಡಾಗ ಅದು ಮಾಸ್ತರ ಪಾಲಿಗೆ ಹೋಗಿರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಟ್ಟಳೆಯ ಪ್ರಕಾರ ನಾನು ಆಗಲೇ ಎದ್ದು ಹೇಳಬೇಕಿತ್ತು. ಏಳಲಿಲ್ಲ. ಯಾಕೆಂದು ಸತ್ಯ ಹೇಳಿಬಿಡುತ್ತೇನೆ. ಮಾಸ್ತರ ಅಂಕದ ಹಾಳೆ ನನ್ನ ಮೊಣಕೈ ಹತ್ತಿರವೇ ಇತ್ತು, ಓರೆಗಣ್ಣಿಗೆ ಏಳನೇ ನಂಬರಿನ ಎದುರು ಹತ್ತಕ್ಕೆ ಹತ್ತು ಕಂಡಿತು. ಮಕ್ಕಳೂ ಹೊಗಳಿದರೆ ನಾಲ್ಕು ತಾಲೂಕಿನ ಶಾಲೆಗಳಲ್ಲಿ ನನ್ನ ಪುಸ್ತಕ. ಬರೆದವಳು ಎದುರಿಗೇ ಕೂತಿದ್ದಾಳೆಂದು ತಿಳಿಯದೆ ಹೊಗಳುವ ಹೊಗಳಿಕೆ ಎಷ್ಟು ಜನಕ್ಕೆ ಸಿಕ್ಕೀತು? ಸ್ವಲ್ಪ ಕೇಳಿ ಆಮೇಲೆ ಎದ್ದರಾಯಿತು ಎಂದುಕೊಂಡೆ. ಮುಖಕ್ಕೆ ನ್ಯಾಯಾಧೀಶರ ಕಳೆ ತಂದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತೆ.

"ಎಲ್ಲೆಲ್ಲಿ ಗುರುತ ಹಾಕಿ ಹೇಳವಾ" ಎಂದರು ಚಾಚಾ.

ಹುಡುಗಿ ಪುಟ ತಿರುವಿದಳು. ನಾನು ಕೂತ ಜಾಗಕ್ಕೇ ಪೆನ್ಸಿಲಿನ ಗುರುತುಗಳು ಕಾಣುತ್ತಿದ್ದವು. ಆ ಪುಟಗಳಲ್ಲೆಲ್ಲ ಉದ್ದ ಗೆರೆಗಳು.

"ಇಲ್ಲಿ ಮೊಸಳಿ ಬಾಯಿ ತಕ್ಕೊಂಡು ಕುಂತಿದ್ರ ಅದಕ್ಕ ಭಾಳ ಹಸಿವಾಗೇತಿ, ಬೇಟೆಗೆ ಕಾಯಾಕತ್ತೈತಿ ಅಂತ ಬರ್ದಾರ್ರೀ. ಮೌಳಂಗಿ ಕಡೆ ಹೊಳ್ಯಾಗ ಬಂಡಿಗಲ್ಲ ಮ್ಯಾಲೆ ತಾಸಗಟ್ಟಲೆ ಬಾಯಿ ತಕ್ಕೊಂಡ ಕುಂತಿರ್ತಾವು. ಅವಕ್ಕ ಸೆಕಿ ಆಗಿರ್ತೈತ್ರಿ. ಮೈ ತಂಪ ಮಾಡ್ಕೊಳ್ಳಾಕ ಹಂಗ ಮಾಡ್ತಾವು."

"ಬರೋಬ್ಬರ್ ಹೇಳಿದಿ" ಎಂದು ಚಾಚಾ ತೊಡೆ ತಟ್ಟಿಕೊಂಡರು. "ನಾವು ಸಣ್ಣವರಿದ್ದಾಗಿಂದ ನೋಡೇವಿ. ಹಸಿದಿದ್ರ ಬಾಯಿ ಮುಚ್ಚಿ ನೀರಾಗ ಇರ್ತಿತ್ತು, ದಡದ ಮ್ಯಾಲೆ ನಿಮಗ ಹಲ್ಲು ತೋರಿಸ್ಕೋತ ಕೂಡ್ತಿತ್ತೇನು?"

ಮಕ್ಕಳೆಲ್ಲ ನಕ್ಕವು. ನಾನೂ ನಕ್ಕೆ. ಕಾಲ ಮೇಲಿನ ಕಾಲು ಕೆಳಗಿಳಿಯಿತು.

ಹುಡುಗಿ ಮುಂದಿನ ಪುಟಕ್ಕೆ ಹೋದಳು. ಅದು ಮಂಗಟ್ಟೆ ಹಕ್ಕಿಯ ಅಧ್ಯಾಯ, ನಾನು ಅತ್ಯಂತ ಪ್ರೀತಿಯಿಂದ ಬರೆದದ್ದು. ಗಂಡು ಮಂಗಟ್ಟೆ ಹೆಣ್ಣನ್ನು ಮರದ ಪೊಟರೆಯೊಳಗೆ ಕೂಡಿಸಿ, ಹೊರಗಿನಿಂದ ಕೆಸರು ಮೆತ್ತಿ ಬಾಗಿಲು ಮುಚ್ಚಿಬಿಡುತ್ತದೆ, ಒಳಗೆ ಕತ್ತಲಲ್ಲಿ ಆ ತಾಯಿ ಎದುರಾಡದೆ ಎಲ್ಲವನ್ನೂ ಸಹಿಸುತ್ತದೆ, ತಾಳ್ಮೆಯೇ ತಾಯಿಯ ಒಡವೆ ಎಂದೆಲ್ಲ ಕಣ್ಣು ಒದ್ದೆ ಮಾಡಿಕೊಂಡು ಬರೆದಿದ್ದೆ. ಮಾಸ್ತರು ಹತ್ತಕ್ಕೆ ಹತ್ತು ಕೊಟ್ಟದ್ದು ಆ ಒಡವೆಗಾಗಿಯೇ.

"ಇದು ಪೂರಾ ಸುಳ್ಳೈತ್ರಿ" ಎಂದಳು ಹುಡುಗಿ. "ಗಂಡು ಅಕೀನ ಕೂಡಿ ಹಾಕೂದಿಲ್ಲ. ಅಕಿ ತಾನ ಒಳಗ ಹೋಗಿ ಕುಂತು, ತನ್ನ ಹಿಕ್ಕಿಲೆ ಬಾಗಲಾ ಮೆತ್ತಗೋತಾಳ್ರಿ. ಚುಂಚು ಹೊರಗ ಬರೂವಷ್ಟು ಸೀಳು ಬಿಟ್ಟಿರ್ತಾಳ. ಗಂಡು ದಿನಾ ಎಷ್ಟೋ ಸಲ ಹಣ್ಣು ತಂದು ಆ ಸೀಳಿನಾಗ ಕೊಡ್ತೈತಿ. ಕೂಡಿ ಹಾಕೂದಲ್ರೀ, ದುಡಿದು ದುಡಿದು ಅದ ಸೊರಗಿ ಹೋಗಿರ್ತೈತಿ. ನಮ್ಮಪ್ಪ ದೂರದಿಂದ ತೋರಿಸ್ಯಾನ. ಮೂರು ವರ್ಷಾತು, ಅದ ಮರಾ ನೋಡಾಕತ್ತೇನಿ."

ಹಿಕ್ಕೆ ಎಂಬ ಶಬ್ದಕ್ಕೆ ಸಣ್ಣ ಮಕ್ಕಳು ನೆಲಕ್ಕೆ ಬಿದ್ದು ನಗತೊಡಗಿದವು. ಮಾಸ್ತರು ನಗಲಿಲ್ಲ.

"ಅಚ್ಚಾಗಿದ್ದನ್ನ ಸುಳ್ಳ ಅಂತಾರೇನವಾ?" ಎಂದರು, ಮೆತ್ತಗೆ, ಮೊಮ್ಮಗಳಿಗೆ ಹೇಳುವ ಹಾಗೆ. "ಬರ್ದವರು ಎಷ್ಟು ಓದಿರ್ತಾರ, ಎಷ್ಟು ಶಾಣ್ಯಾ ಇರ್ತಾರ. ನೀ ಇನ್ನೂ ಎಂಟನೇತ್ತೆ."

ಹುಡುಗಿ ಮಾಸ್ತರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ವಿಜ್ಞಾನದ ಟೀಚರ್ ಎಂದು ಬೆಳಿಗ್ಗೆಯೇ ಪರಿಚಯ ಮಾಡಿಸಿದ್ದರು. ಅವಳ ಪರವಾಗಿ ಮಾತಾಡಬೇಕಾದವಳು ನಾನು. ಮಾತಾಡಿದೆ ಕೂಡ. ಏನು ಮಾತಾಡಿದೆ ಎಂದು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ಹಂಗೂ ಇರಬಹುದವಾ" ಎಂದೆ. "ಮಂಗಟ್ಟ್ಯಾಗ ಜಾತಿ ಭಾಳ ಅದಾವು. ಬರ್ದವರು ಬ್ಯಾರೆ ಕಡೆ, ಬ್ಯಾರೆ ಜಾತೀದು ನೋಡಿದ್ರೂ ನೋಡಿರಬಹುದು."

"ಹಂಗಾದ್ರ ದಾಂಡೇಲಿ ಕಾಡು ಅಂತ ಯಾಕ ಬರ್ದಾರ್ರೀ?"

ಉತ್ತರವಿಲ್ಲದ ಟೀಚರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ಮಾಸ್ತರು, "ನೋಡು, ಅಕ್ಕೋರು ಸೈತ ಹೇಳಾಕತ್ತಾರ" ಎಂದರು. ಚಾಚಾ ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಿದ ಮನುಷ್ಯ. ನನ್ನ ಸದ್ದು ಅವರಿಗೆ ಸರಿ ಬರಲಿಲ್ಲವೆಂದು ಕಾಣುತ್ತದೆ.

ಕನ್ನಡಕ ಹಾಕಿಕೊಂಡು ನೋಡುವಷ್ಟರಲ್ಲಿ ಹುಡುಗಿ ಪಕ್ಕದವಳ ಹತ್ತಿರ ರಬ್ಬರು ಇಸಿದುಕೊಂಡಿದ್ದಳು. ಪುಸ್ತಕವನ್ನು ಬೆಂಚಿನ ಮೇಲಿಟ್ಟು ಗೆರೆ ಅಳಿಸುತ್ತಿದ್ದಳು. ಸಿಟ್ಟಿನಿಂದಲ್ಲ. ಹೋಮ್‌ವರ್ಕ್‌ನಲ್ಲಿ ತಪ್ಪು ಲೆಕ್ಕ ಅಳಿಸುವಂತೆ, ಸಾವಕಾಶ, ಚೊಕ್ಕವಾಗಿ. ಮೊಸಳೆ ಆಗಲೇ ಹೋಗಿತ್ತು. ಮಂಗಟ್ಟೆಯ ಗೆರೆಯೂ ಅರ್ಧ ಹೋಗಿತ್ತು.

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಹುಡುಗಿ ಮೂರು ವರ್ಷ ಒಂದೇ ಮರ ನೋಡಿದ್ದಾಳೆ. ಮನೆಗೆ ಹೋಗಿ, ಪುಸ್ತಕದಲ್ಲಿ ಬೇರೆ ಇದೆ, ಅಕ್ಕೋರು ಸಹ ಹಾಗೇ ಅಂದರು ಎಂದು ಅಪ್ಪನಿಗೆ ಹೇಳುತ್ತಾಳೆ. ನಾಳೆ ಮರದ ಕೆಳಗೆ ನಿಂತು ತನ್ನ ಕಣ್ಣನ್ನೇ ಅನುಮಾನಿಸುತ್ತಾಳೆ. ಅದೂ ನನ್ನ ಒಂದು ತಿಂಗಳ ರಜೆಯ ಕಣ್ಣೀರಿಗಾಗಿ.

ಎದ್ದು ಹೋಗಿ ಅವಳ ಕೈಯಿಂದ ರಬ್ಬರು ಕಿತ್ತುಕೊಂಡೆ. ಅವಳು ಬೆದರಿ ನಿಂತಳು. ಹೊಡೆಯುತ್ತೇನೆ ಅಂದುಕೊಂಡಳೋ ಏನೋ.

"ಅಳಿಸಬ್ಯಾಡ" ಎಂದೆ. "ಈ ಪುಸ್ತಕಾ ಬರ್ದಾಕಿ ನಾನ. ನಾ ಮಂಗಟ್ಟಿ ಗೂಡು ನೋಡಿಲ್ಲ. ಮನ್ಯಾಗ ಕುಂತು ಮೂರು ದಪ್ಪ ಪುಸ್ತಕಾ ಇಟ್ಕೊಂಡು, ಅವರಷ್ಟು ಇವರಷ್ಟು ತಗೊಂಡು, ಉಳಿದಿದ್ದು ಮನಸಿಗೆ ಬಂದಂಗ ಬರ್ದೆ. ನೀ ಹೇಳಿದ್ದು ಖರೆ."

ಮೊದಲು ಚಾಚಾ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನ ನಡುವೆಯೇ, "ಅರೇ ಬಾಯಾರ, ನಿಮ್ಮ ಕಟ್ಟಳಿ ಪ್ರಕಾರ ನೀವು ಈಗ ಹೊರಗ ಇರಬೇಕಾಗಿತ್ತಲ್ರೀ, ಚಾ ಆರಿ ಹೋಗಾಕತ್ತೈತಿ" ಎಂದರು.

ಮಾಸ್ತರದ್ದು ಬೇರೆಯೇ ಫಜೀತಿ. ಮೊದಲು ಕಣ್ಣು ಬಿಟ್ಟರು, ಆಮೇಲೆ ಮುಖ ಅರಳಿತು. "ಅಂದ್ರ ತಾವ ಬರ್ದಿದ್ದು? ಹಂಗಾದ್ರ ತಪ್ಪ ಇರೂದ ಸಾಧ್ಯ ಇಲ್ರಿ. ವಿಜ್ಞಾನದವರು ತಾವು!" ಎಂದು ಪೆನ್ನು ತೆಗೆದು ಹತ್ತನ್ನು ಇನ್ನಷ್ಟು ದಪ್ಪಗೆ ತಿದ್ದಿದರು. ಬೈಸಿಕೊಳ್ಳಬೇಕಾದ ಜಾಗದಲ್ಲಿ ಸನ್ಮಾನ ಮಾಡಿಸಿಕೊಳ್ಳುವ ಸಂಕಟ ಶತ್ರುವಿಗೂ ಬೇಡ. "ಮಾಸ್ತರ, ನಾನ ಸುಳ್ಳ ಅನ್ನಾಕತ್ತೇನಿ, ನನ್ನ ಮಾತಾದ್ರೂ ನಂಬ್ರಿ" ಎಂದು ಕೈ ಮುಗಿದೆ.

ಅವರು ಸ್ವಲ್ಪ ಹೊತ್ತು ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡಿದರು. ಕೊನೆಗೆ ಹುಡುಗಿಯ ಕಡೆ ತಿರುಗಿದರು.

"ಖರೇನ ಅಕೀನ ಒಳಗಿನಿಂದ ಬಾಗಲಾ ಹಾಕ್ಕೋತಾಳ?"

"ಹೂಂ ರೀ. ಬ್ಯಾಡಾದಾಗ ಅಕೀನ ಒಡಕೊಂಡು ಹೊರಗ ಬರ್ತಾಳ್ರಿ."

"ಗಂಡು ಹೊರಗ ದುಡೀತೈತಿ?"

"ಹೂಂ ರೀ."

ಮಾಸ್ತರು ನಿಟ್ಟುಸಿರು ಬಿಟ್ಟರು. "ನೀತಿ ಕೈ ಬಿಟ್ಟ ಹೋತು" ಎಂದು ಹತ್ತನ್ನು ಕಾಟು ಹಾಕಿದರು. ಎರಡು ನಿಮಿಷ ಬಿಟ್ಟು, "ಇದರಾಗೂ ಒಂದು ನೀತಿ ಐತಿ ನೋಡ್ರಿ, ಆದರ ಅದನ್ನ ಮನ್ಯಾಗ ಹೇಳೂ ಹಂಗಿಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು.

ನಾನು ಹುಡುಗಿಗೆ ಪೆನ್ಸಿಲ್ ಕೊಟ್ಟು, ಅಳಿಸಿದ ಗೆರೆಗಳನ್ನು ಮತ್ತೆ ಎಳೆ ಎಂದೆ. ಅವಳು ಪೆನ್ಸಿಲನ್ನು ನನಗೇ ವಾಪಸು ಕೊಟ್ಟಳು.

"ನಿಮ್ಮ ಪುಸ್ತಕಾ, ನೀವ ಎಳೀರಿ."

ಎಳೆದೆ. ಅವಳು ಹೇಳುತ್ತಾ ಹೋದಳು, ನಾನು ಅಂಚಿನಲ್ಲಿ ಬರೆಯುತ್ತಾ ಹೋದೆ. ಮೊಸಳೆ, ಸೆಕೆ. ಬಾಗಿಲು ಒಳಗಿನಿಂದ. ಕೆಸರಲ್ಲ, ಹಿಕ್ಕೆ. ವರ್ಷಗಟ್ಟಲೆ ಮಕ್ಕಳಿಗೆ ಉಕ್ತಲೇಖನ ಕೊಟ್ಟವಳಿಗೆ ಅದನ್ನು ಬರೆದುಕೊಳ್ಳುವ ಸರದಿ ಬಂದಿತ್ತು. ನಡುವೆ ಒಂದು ಕಡೆ, "ಅಕ್ಷರಾ ಸ್ವಲ್ಪ ದುಂಡಗ ಬರೀರಿ" ಎಂದಳು. ಬರೆದೆ. ಚಾಚಾ ಆ ಪ್ರತಿಯನ್ನು ಮಧ್ಯದ ಹಾಳೆ ಹಿಡಿದು ಜಾಡಿಸಿದರು. "ಬೈಂಡಿಂಗ್ ಮಾತ್ರ ಒಂದ ನಂಬರ್" ಎಂದು ಘೋಷಿಸಿ ತಿರಸ್ಕಾರದ ಗುಡ್ಡೆಗೆ ಇಟ್ಟರು. ತಿರಸ್ಕಾರದ ಪತ್ರವನ್ನು ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೇ ಬಂತು.

ಸಂಜೆ ಎಲ್ಲರೂ ಹೊರಡುವಾಗ ಹುಡುಗಿ ಮತ್ತೆ ಬಂದಳು. ಗುಡ್ಡೆಯಿಂದ ಏಳನೇ ನಂಬರನ್ನು ಎಳೆದು ತಂದಿದ್ದಳು.

"ಅಕ್ಕೋರ, ಇದರಾಗ ಒಂದು ಪುಟಾ ಭಾಳ ಚೊಲೋ ಐತ್ರಿ. ನಾ ಹೇಳೂದ ಬಿಟ್ಟಿದ್ದೆ."

ಕೊನೆಯ ಕಡೆಯ ಪುಟ. ನಮ್ಮ ಅಂಗಳದಲ್ಲಿ ನಿಲ್ಲಿಸುತ್ತಿದ್ದ ಸ್ಕೂಟರಿನ ಕನ್ನಡಿಯ ಜೊತೆ ಒಂದು ಸೂರಕ್ಕಿ ದಿನಾ ಬೆಳಿಗ್ಗೆ ಜಗಳಕ್ಕೆ ಬರುತ್ತಿದ್ದದ್ದು. ತನ್ನ ಬಿಂಬವನ್ನೇ ಇನ್ನೊಂದು ಗಂಡು ಎಂದುಕೊಂಡು ಕುಕ್ಕುತ್ತಿದ್ದದ್ದು. ಕೊಕ್ಕಿಗೆ ನೋವಾದೀತೆಂದು ನನ್ನ ಗಂಡ ಕನ್ನಡಿಗೆ ತನ್ನ ಕಾಲುಚೀಲ ತೊಡಿಸಿದ್ದು, ಹಕ್ಕಿ ಇನ್ನೊಂದು ಕನ್ನಡಿಗೆ ಹೋದದ್ದು, ಅದಕ್ಕೂ ಕಾಲುಚೀಲ ಹಾಕಿ ಅವನು ಬರಿಗಾಲಲ್ಲಿ ಬೂಟು ಹಾಕಿಕೊಂಡು ಆಫೀಸಿಗೆ ಹೋದದ್ದು. ಪುಸ್ತಕದ ಪುಟ ಕಮ್ಮಿ ಬಿದ್ದವೆಂದು ಕೊನೆಯ ದಿನ ಅವಸರದಲ್ಲಿ ಸೇರಿಸಿದ್ದೆ. ಅಂಚಿನಲ್ಲಿ ಮೇಲಿಂದ ಕೆಳತನಕ ಸರಿ ಗುರುತುಗಳಿದ್ದವು.

"ಇದೊಂದ ನೀವು ನೋಡಿ ಬರ್ದೀರಿ" ಎಂದಳು.

"ಹೆಂಗ ಗೊತ್ತಾತು?"

"ಕನ್ನಡಿಗೆ ಸಾಕ್ಸ್ ಹಾಕೂದು ಯಾವ ದಪ್ಪ ಪುಸ್ತಕದಾಗ ಸಿಗತೈತ್ರಿ?"

ನಾನು ನಕ್ಕೆ. ಅವಳು ನಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದಳು.

"ಉಳಿದಿದ್ದ ನೋಡಾಕ ಯಾಕ ಬರಲಿಲ್ರಿ? ನಮ್ಮೂರಿಗೆ ಆಗೂ ಬಸ್ಸ ಇತ್ತಂತಲ್ರಿ."

ಇತ್ತು. ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು.